ಎರಡಾಣೆಯ ಚರಿತ್ರೆ

ತಿಂಗಳ ಮೊದಲ ದಿನ ಧಾರಾಳ, ಹದಿನೈದನೆಯ ತಾರೀಖಿಗೆ ಎಚ್ಚರ, ಇಪ್ಪತ್ತೈದಕ್ಕೆ ಪಕ್ಕದ ಮೇಜಿನವರ ಮುಂದೆ ಮೆಲುದನಿ – ಸಂಬಳವನ್ನೇ ನಂಬಿದ ನಮ್ಮಂತಹವರ ಬಾಳಿನ ಪಂಚಾಂಗ ಇದು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ನಮಗೆ ಎಳವೆಯಲ್ಲೇ ಕಲಿಸಿದ್ದಾರೆ. "ಹನಿ ಹನಿ ಕೂಡಿದರೆ ಹಳ್ಳ" ಎಂಬುದನ್ನೂ ಕಲಿಸಿದ್ದಾರೆ. "ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು" ಎಂದು ಹೆದರಿಸಿಯೂ ಇದ್ದಾರೆ. ಗಾದೆ ತಿಳಿದ ಮಾತ್ರಕ್ಕೆ ಹಣ ಉಳಿಯುವುದಾಗಿದ್ದರೆ ಕನ್ನಡಿಗರಷ್ಟು ಸಿರಿವಂತರು ಭೂಮಂಡಲದಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ!

ಹಾಗಾದರೆ ಹಣ ಉಳಿಯುವುದು ಯಾವುದರಿಂದ? ಉಳಿತಾಯವನ್ನು ನಾವು ಸಾಮಾನ್ಯವಾಗಿ ಒಂದು ಸದ್ಗುಣವೆಂದು ಎಣಿಸುತ್ತೇವೆ. ಉಳಿಸಿದವನು ಸಂಯಮಿ, ಉಳಿಸದವನು ದುಂದುಗಾರ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ನಮ್ಮ ನಾಡಿನಲ್ಲಿ ಕಳೆದ ಒಂದೂವರೆ ಶತಮಾನದಲ್ಲಿ ಸಣ್ಣ ಉಳಿತಾಯ ಬೆಳೆದುಬಂದ ಬಗೆಯನ್ನು ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಜನರ ಗುಣ ಅಂದಿಗೂ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಏರ್ಪಾಡು. ದುಡಿದ ಕಾಸಿಗೂ ಅದನ್ನು ಇಡುವ ಸ್ಥಳಕ್ಕೂ ನಡುವಿನ ದೂರ ಕಡಿಮೆಯಾದಾಗಲೆಲ್ಲ ಬಡವರೂ ಉಳಿಸಿದ್ದಾರೆ. ಆ ಸ್ಥಳ ಕುಸಿದಾಗಲೆಲ್ಲ ಸಂಯಮಿಗಳೂ ಬೀದಿಗೆ ಬಿದ್ದಿದ್ದಾರೆ. ಈ ಎರಡು ಮಾತುಗಳನ್ನು ಚರಿತ್ರೆಯಿಂದಲೇ ವಿವರಿಸುವುದು ಈ ಲೇಖನದ ಉದ್ದೇಶ.

ಕುಡಿಕೆಯಿಂದ ಅಂಚೆಗೆ

ಬ್ಯಾಂಕುಗಳು ಬರುವ ಮುನ್ನ ಉಳಿತಾಯ ಇರಲಿಲ್ಲವೆಂದಲ್ಲ. ಮಣ್ಣಿನ ಕುಡಿಕೆ, ಹಗೇವಿನ ಧಾನ್ಯ, ಹೆಂಗಸರ ಮೈಮೇಲಿನ ಬಂಗಾರ, ಅಡುಗೆಮನೆಯ ಸಾಸಿವೆ ಡಬ್ಬಿ – ಇವೆಲ್ಲ ನಮ್ಮ ಪೂರ್ವಿಕರ ಖಜಾನೆಗಳೇ. ಇವುಗಳಲ್ಲಿ ಒಂದು ಅನುಕೂಲವಿತ್ತು: ಕೈಗೆ ಹತ್ತಿರ. ಎರಡು ಅನನುಕೂಲಗಳಿದ್ದವು: ಇಟ್ಟದ್ದು ಬೆಳೆಯುತ್ತಿರಲಿಲ್ಲ, ಕಳ್ಳನಿಗೂ ಅದು ಅಷ್ಟೇ ಹತ್ತಿರವಾಗಿತ್ತು. ಕಷ್ಟಕಾಲ ಬಂದಾಗ ಬಂಗಾರ ಸಾಹುಕಾರನ ಪೆಟ್ಟಿಗೆ ಸೇರುತ್ತಿತ್ತು. ಹಾಗೆ ಸೇರಿದ್ದು ಹೆಚ್ಚಾಗಿ ಹಿಂದಿರುಗುತ್ತಿರಲಿಲ್ಲ. ಸಾಸಿವೆ ಡಬ್ಬಿಯ ಪದ್ಧತಿ ಎಷ್ಟು ಗಟ್ಟಿಯಾಗಿತ್ತೆಂದರೆ, 2016ರ ನವೆಂಬರಿನಲ್ಲಿ ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳು ರದ್ದಾದಾಗ ಎಷ್ಟೋ ಗೃಹಿಣಿಯರ ಗುಪ್ತ ನಿಧಿ ಮನೆಯವರೆಲ್ಲರ ಎದುರಿಗೆ ಹೊರಬರಬೇಕಾಯಿತು.

ಸರ್ಕಾರದ ಉಳಿತಾಯ ಬ್ಯಾಂಕುಗಳು ಮೊದಲು ಹುಟ್ಟಿದ್ದು 1833ರಿಂದ 1835ರ ಅವಧಿಯಲ್ಲಿ, ಕಲ್ಕತ್ತ, ಮದ್ರಾಸು, ಮುಂಬಯಿ ಎಂಬ ಮೂರು ರಾಜಧಾನಿ ನಗರಗಳಲ್ಲಿ. 1873ರಲ್ಲಿ ಇವುಗಳಿಗಾಗಿ ಒಂದು ಕಾಯಿದೆಯೂ ಬಂದಿತು. ಆದರೆ ಹಳ್ಳಿಯ ಶಾಲಾ ಮಾಸ್ತರನಿಗೆ, ತಾಲ್ಲೂಕು ಕಚೇರಿಯ ಜವಾನನಿಗೆ ಇವುಗಳಿಂದ ಏನು ಪ್ರಯೋಜನ? ಬದಲಾವಣೆ ಬಂದದ್ದು ಅಂಚೆಯ ಮೂಲಕ. 1880ರಲ್ಲಿ ಮನಿಯಾರ್ಡರಿನ ಕೆಲಸ ಅಂಚೆ ಇಲಾಖೆಗೆ ಬಂದಿತು. 1882ರ ಏಪ್ರಿಲ್ 1ರಂದು ಅಂಚೆ ಕಚೇರಿ ಉಳಿತಾಯ ಬ್ಯಾಂಕು ಆರಂಭವಾಯಿತು. 1884ರಲ್ಲಿ ಅಂಚೆ ನೌಕರರಿಗಾಗಿ ಅಂಚೆ ಜೀವವಿಮೆ ಬಂದಿತು. ಅದು 1888ರಲ್ಲಿ ತಂತಿ ಇಲಾಖೆಯ ನೌಕರರಿಗೂ, 1894ರಲ್ಲಿ ಈ ಎರಡು ಇಲಾಖೆಗಳ ಮಹಿಳಾ ನೌಕರರಿಗೂ ವಿಸ್ತರಿಸಿತು.

ನಾಲ್ಕೇ ವರ್ಷಗಳಲ್ಲಿ ಬಂದ ಈ ಮೂರು ಏರ್ಪಾಡುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಒಂದು ಊರಿಗೆ ಹಣ ಕಳುಹಿಸಲು, ಒಂದು ಕೂಡಿಡಲು, ಒಂದು ಸತ್ತ ಮೇಲೆ ಮನೆಯವರಿಗೆ ಆಸರೆಯಾಗಲು. ಊರು ಬಿಟ್ಟು ಪರಊರಿನಲ್ಲಿ ದುಡಿಯುವವನಿಗೆ ಬೇಕಾದದ್ದು ಈ ಮೂರೇ ತಾನೆ? ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಮನುಷ್ಯ ಅಂಚೆಯ ಕಿಟಕಿಯ ಮುಂದೆ ಅಂಜದೆ ನಿಂತ. ಅಲ್ಲಿ ಅವನು ಈಗಾಗಲೇ ಕಾಗದ ಹಾಕುತ್ತಿದ್ದ; ಮಾಸ್ತರರ ಮುಖಪರಿಚಯವಿತ್ತು.

1906 ಎಂಬ ವರ್ಷ

ಕನ್ನಡ ನಾಡಿನ ಉಳಿತಾಯದ ಇತಿಹಾಸದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕ ಬಹಳ ಮುಖ್ಯವಾದದ್ದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಯಾಯಿತು. ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. ನಮ್ಮ ದೇಶದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ಊರವರ ಹಣ ಊರವರಿಗೇ ಸಾಲವಾಗಿ ಒದಗಬೇಕು, ಸಾಹುಕಾರನ ಬಾಗಿಲಿಗೆ ಹೋಗುವಂತಾಗಬಾರದು ಎಂಬುದು ಅದರ ಆಶಯ.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿಯ ಮೂಲ ಬಂಡವಾಳದಿಂದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾಯಿತು. ಮೊದಲ ದಿನದ ಕೊನೆಗೆ ಅಲ್ಲಿ ಸಂಗ್ರಹವಾಗಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಓದುಗರು ಆ ಎರಡು ಪೈಗಳನ್ನು ಗಮನಿಸಬೇಕು! ರೂಪಾಯಿಗೆ 192 ಪೈಗಳಿದ್ದ ಕಾಲದಲ್ಲಿ ಎರಡು ಪೈಗಳನ್ನೂ ಲೆಕ್ಕಕ್ಕೆ ಹಿಡಿದ ಪುಸ್ತಕ ಅದು. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲೂ ಮಿತವ್ಯಯವನ್ನೂ ಪರಸ್ಪರ ಸಹಕಾರವನ್ನೂ ಬೆಳೆಸುವುದು ತಮ್ಮ ಗುರಿಯೆಂದು ಸ್ಥಾಪಕರು ಆರಂಭದಲ್ಲೇ ಸಾರಿದ್ದರು.

ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಎಂದರೆ ರೈಲಿಗಿಂತ ಮೊದಲೇ ಆ ಕರಾವಳಿಗೆ ಅದರದೇ ಬ್ಯಾಂಕು ಬಂದಿತ್ತು.

ಇನ್ನು ಮುಂಬಯಿಯ ಮಾತು. ಅದೇ 1906ರ ಡಿಸೆಂಬರಿನಲ್ಲಿ, ಕೆನರಾ ಜಿಲ್ಲೆಗಳಿಂದ ಬಂದು ಮುಂಬಯಿಯ ಕಚೇರಿಗಳಲ್ಲಿ ದುಡಿಯುತ್ತಿದ್ದ ಚಿತ್ರಾಪುರ ಸಾರಸ್ವತರಿಗಾಗಿ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು ಶಾಮರಾವ್ ವಿಠಲ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಸಂಬಳದ ಗುಮಾಸ್ತರಿಗೆ ಅಂದಿನ ದೊಡ್ಡ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಕೊಡುವವನ ಬಡ್ಡಿಯನ್ನು ತೀರಿಸಲು ಇವರಿಗೆ ಸಾಧ್ಯವಿರಲಿಲ್ಲ. ಆಗ ಒಬ್ಬರ ಉಳಿತಾಯ ಇನ್ನೊಬ್ಬರಿಗೆ ಆಪತ್ತಿನ ಸಾಲವಾಯಿತು. 1915ರಲ್ಲಿ ಅದೇ ತಾಲ್ಮಕಿಯವರ ಮುಂದಾಳುತನದಲ್ಲಿ ಗಾಂವದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವೂ ಹುಟ್ಟಿತು. ಪರನಾಡಿಗೆ ಬಂದವರು ಮೊದಲು ಕಟ್ಟಿಕೊಂಡದ್ದು ಸಭಾಂಗಣವನ್ನು ಮಾತ್ರವಲ್ಲ, ಪತ್ತಿನ ಸಂಘವನ್ನೂ ಎಂಬುದನ್ನು ಸಂಘಜೀವಿಗಳಾದ ನಾವು ನೆನಪಿಡಬೇಕು.

ಮನೆಬಾಗಿಲಿಗೆ ಬಂದ ಬ್ಯಾಂಕು

ಇಷ್ಟಾದರೂ ಒಂದು ವರ್ಗ ಹೊರಗೇ ಉಳಿದಿತ್ತು. ತಿಂಗಳ ಸಂಬಳವಿಲ್ಲದೆ ಅಂದಂದಿನ ದುಡಿಮೆಯಿಂದ ಬದುಕುವ ನೇಕಾರ, ಮೀನು ಮಾರುವಾಕೆ, ಬೀದಿಯ ವ್ಯಾಪಾರಿ, ಹೋಟೆಲಿನ ಹುಡುಗ – ಇವರಿಗೆ ಬ್ಯಾಂಕಿಗೆ ಹೋಗಿಬರುವುದೆಂದರೆ ಅರ್ಧ ದಿನದ ಗಳಿಕೆಯನ್ನೇ ಕಳೆದುಕೊಂಡಂತೆ. ಎರಡಾಣೆ ಕಟ್ಟಲು ನಾಲ್ಕಾಣೆ ಕಳೆದುಕೊಳ್ಳುವ ಮೂರ್ಖರು ಯಾರು?

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಡಾ. ಟಿ. ಎಂ. ಎ. ಪೈ ಈ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕೈಮಗ್ಗದ ಉದ್ಯಮ ಸಂಕಟಕ್ಕೆ ಸಿಕ್ಕಿ ಸೊರಗಿದ್ದ ನೇಕಾರರಿಗೆ ನೆರವಾಗುವುದು ಇದರ ಮೂಲ ಉದ್ದೇಶ. ನೆರವಿಗೆ ಹಣ ಬೇಕು. ಹಣ ಇರುವುದು ಸಣ್ಣ ಜನರ ಸಣ್ಣ ಗಳಿಕೆಯಲ್ಲಿ. ಅದು ಬ್ಯಾಂಕಿಗೆ ನಡೆದುಬರುವುದಿಲ್ಲ. ಹಾಗಾದರೆ ಬ್ಯಾಂಕೇ ಅದರ ಬಳಿಗೆ ನಡೆದುಹೋಗಲಿ! ಹೀಗೆ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಹುಟ್ಟಿತು. ಬ್ಯಾಂಕಿನ ಏಜೆಂಟನು ಪ್ರತಿದಿನ ಠೇವಣಿದಾರನ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುವ ಪದ್ಧತಿ ಅದು.

ಈ ಎರಡಾಣೆಯ ಲೆಕ್ಕ ಮಾಡಿ ನೋಡೋಣ. ವಿಜ್ಞಾನ ಓದಿದ ನಮಗೆ ಲೆಕ್ಕವಿಲ್ಲದೆ ಯಾವ ಮಾತೂ ರುಚಿಸುವುದಿಲ್ಲ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಐದು ವರ್ಷಕ್ಕೆ, ಬಡ್ಡಿ ಬಿಟ್ಟು, 228 ರೂಪಾಯಿ 2 ಆಣೆ. ತನ್ನ ಕೈಯಲ್ಲಿ ಎಂದೂ ಹತ್ತು ರೂಪಾಯಿಯನ್ನು ಒಟ್ಟಿಗೆ ಕಾಣದವನಿಗೆ ಇನ್ನೂರು ರೂಪಾಯಿ ಎಂದರೆ ಒಂದು ಮಗ್ಗ, ಒಂದು ಹಸು, ಮಗಳ ಮದುವೆಯ ಖರ್ಚಿನ ಒಂದು ಪಾಲು. ಎಲ್ಲಕ್ಕಿಂತ ಮಿಗಿಲಾಗಿ, ಸಾಹುಕಾರನ ಮುಂದೆ ತಲೆತಗ್ಗಿಸದೆ ನಡೆಯುವ ಹಕ್ಕು.

ಈ ಯೋಜನೆಯ ಗುಟ್ಟು ಬಡ್ಡಿಯಲ್ಲಿ ಇರಲಿಲ್ಲ. ಏಜೆಂಟನ ಕಮಿಶನ್ನು, ಲೆಕ್ಕ ಬರೆಯುವ ಖರ್ಚು ಎಲ್ಲ ಸೇರಿ ಸಂಗ್ರಹದ ವೆಚ್ಚ ಹೆಚ್ಚು. ಆದುದರಿಂದ ಠೇವಣಿದಾರನಿಗೆ ಸಿಗುವ ಬಡ್ಡಿ ಕಡಿಮೆಯೇ. ಗುಟ್ಟಿದ್ದದ್ದು ಸಮಯದಲ್ಲಿ. ವ್ಯಾಪಾರಿಯ ಕೈಗೆ ಕಾಸು ಬಂದ ಹೊತ್ತಿಗೇ, ಅದು ಬೇರೆ ದಾರಿ ಹಿಡಿಯುವ ಮುನ್ನವೇ, ಏಜೆಂಟನು ಎದುರಿಗೆ ನಿಂತಿರುತ್ತಿದ್ದ. "ಇವತ್ತು ಇಲ್ಲ, ನಾಳೆ ಬಾ" ಎಂದು ಪ್ರತಿದಿನ ಹೇಳಲು ಯಾರಿಗಾದರೂ ಸಂಕೋಚವೇ. ಖರ್ಚು ಮಾಡಿ ಉಳಿದದ್ದನ್ನು ಇಡುವುದಲ್ಲ, ಇಟ್ಟು ಉಳಿದದ್ದನ್ನು ಖರ್ಚು ಮಾಡುವುದು – ಈ ತತ್ತ್ವವನ್ನು ಉಪದೇಶದಿಂದಲ್ಲದೆ ಕಾಲ್ನಡಿಗೆಯಿಂದ ಜಾರಿಗೆ ತಂದದ್ದು ಪಿಗ್ಮಿ.

ಆ ಕಾಲ್ನಡಿಗೆ ಯಾರದು? ಬಿಸಿಲು ಮಳೆ ಎನ್ನದೆ ಅಂಗಡಿಯಿಂದ ಅಂಗಡಿಗೆ ಅಲೆದ ಪಿಗ್ಮಿ ಸಂಗ್ರಾಹಕರ ಹೆಸರು ಯಾವ ಬ್ಯಾಂಕಿನ ಕಲ್ಲುಶಾಸನದಲ್ಲೂ ಕಾಣಸಿಗುವುದಿಲ್ಲ. ತಾವು ನೌಕರರೋ ಅಲ್ಲವೋ ಎಂಬುದಕ್ಕಾಗಿಯೇ ಅವರು ಬಹುಕಾಲ ಹೋರಾಡಬೇಕಾಯಿತು. ಠೇವಣಿ ಸಂಗ್ರಾಹಕರೂ ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಿತು. ಪಿಗ್ಮಿ ಹುಟ್ಟಿ ಅಷ್ಟರಲ್ಲಿ ಎಪ್ಪತ್ತು ವರ್ಷ ಮೀರಿತ್ತು! ಇತರರ ಉಳಿತಾಯವನ್ನು ಹೊತ್ತು ನಡೆದವರ ಸ್ವಂತ ಉಳಿತಾಯ ಎಷ್ಟಿತ್ತು ಎಂದು ಕೇಳಿದವರು ಕಡಿಮೆ.

ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು 1969ರ ಜುಲೈನಲ್ಲಿ ರಾಷ್ಟ್ರೀಕರಣಗೊಂಡವು. ಕಾರ್ಪೊರೇಶನ್ ಬ್ಯಾಂಕು ಮತ್ತು 1931ರಲ್ಲಿ ಮಂಗಳೂರಿನಲ್ಲಿ ಎ. ಬಿ. ಶೆಟ್ಟರು ಸ್ಥಾಪಿಸಿದ್ದ ವಿಜಯಾ ಬ್ಯಾಂಕು 1980ರಲ್ಲಿ ರಾಷ್ಟ್ರೀಕರಣಗೊಂಡವು. ಈಗ ಇವುಗಳಲ್ಲಿ ಮೂರು ಹೆಸರುಗಳು ಫಲಕಗಳಿಂದ ಮಾಯವಾಗಿವೆ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಪರಊರಿನಲ್ಲಿ ಈ ಫಲಕಗಳನ್ನು ಕಂಡಾಗ ತವರಿನವರನ್ನು ಕಂಡಷ್ಟು ಸಂತೋಷಪಡುತ್ತಿದ್ದ ನಮಗೆ ಇದು ಲೆಕ್ಕಪತ್ರದ ಮಾತು ಮಾತ್ರವಲ್ಲ.

ಕುಸಿದ ಕಟ್ಟೆಗಳು

ಉಳಿತಾಯದ ಚರಿತ್ರೆ ಬರೀ ಏಳಿಗೆಯ ಕಥೆಯಲ್ಲ. ದಕ್ಷಿಣ ಕನ್ನಡದ ಎರಡು ಬ್ಯಾಂಕುಗಳು ಹುಟ್ಟಿದ 1906ರಲ್ಲೇ, ಆ ಜಿಲ್ಲೆ ಸೇರಿದ್ದ ಪ್ರಾಂತದ ರಾಜಧಾನಿಯಾದ ಮದ್ರಾಸಿನಲ್ಲಿ ಅಕ್ಟೋಬರ್ ತಿಂಗಳು ಅರ್ಬುತ್‌ನಾಟ್ ಕಂಪನಿ ದಿವಾಳಿಯಾಯಿತು. ಆಂಗ್ಲರ ಪ್ರತಿಷ್ಠಿತ ಸಂಸ್ಥೆ, ಭವ್ಯ ಕಟ್ಟಡ, ಆಕರ್ಷಕ ಬಡ್ಡಿ. ಜೀವಮಾನದ ಗಳಿಕೆಯನ್ನು ಅಲ್ಲಿಟ್ಟಿದ್ದ ಸಾವಿರಾರು ಜನ ಕೈಕೈ ಹಿಸುಕಿಕೊಂಡರು. ಯಜಮಾನ ಸರ್ ಜಾರ್ಜ್ ಅರ್ಬುತ್‌ನಾಟನಿಗೆ ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಅದರಿಂದ ಠೇವಣಿದಾರರಿಗೆ ಬಂದದ್ದೇನು? ಆದರೂ ಆ ಆಘಾತದಿಂದಲೇ ಸ್ವದೇಶಿ ಬ್ಯಾಂಕಿನ ಅಗತ್ಯ ಮನವರಿಕೆಯಾಗಿ 1907ರಲ್ಲಿ ಇಂಡಿಯನ್ ಬ್ಯಾಂಕು ಹುಟ್ಟಿತು.

1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು, 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದವು. ಪಾಲಾಯಿಯ ಪತನದ ನಂತರ ಸರ್ಕಾರ ಎಚ್ಚೆತ್ತು, 1962ರ ಜನವರಿ 1ರಂದು ಠೇವಣಿ ವಿಮಾ ನಿಗಮವನ್ನು ಆರಂಭಿಸಿತು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ರಕ್ಷಣೆ. ಈ ಮಿತಿ ಹಂತಹಂತವಾಗಿ ಏರಿ 1980ರಲ್ಲಿ 30 ಸಾವಿರ, 1993ರಲ್ಲಿ 1 ಲಕ್ಷ ರೂಪಾಯಿಯಾಯಿತು. ನಂತರ ಇಪ್ಪತ್ತೇಳು ವರ್ಷ ಅಲ್ಲಿಯೇ ನಿಂತಿತು. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದು, ಮೊದಲಿಗೆ ಬರೀ ಸಾವಿರ ರೂಪಾಯಿ ಮಾತ್ರ ತೆಗೆಯಬಹುದೆಂದಾದಾಗ ಆ ಬಾಗಿಲುಗಳ ಮುಂದೆ ನಿಂತವರ ಚಿತ್ರ ನಮಗೆಲ್ಲ ನೆನಪಿದೆ. ಮರುವರ್ಷ ಫೆಬ್ರವರಿಯಲ್ಲಿ ವಿಮೆಯ ಮಿತಿ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯಂತೆ ಹೀಗೆ ನಿರ್ಬಂಧ ಬಿದ್ದ ತೊಂಬತ್ತು ದಿನಗಳೊಳಗೆ ವಿಮೆಯ ಹಣ ಸಿಗುವ ಏರ್ಪಾಡೂ ಆಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹೀಗೆ ಹಣ ಕಳೆದುಕೊಂಡವರೆಲ್ಲ ದುರಾಸೆಯವರಲ್ಲ. ಗಾದೆಗಳು ಹೇಳಿದಂತೆಯೇ ನಡೆದವರು. ಆದುದರಿಂದ "ಉಳಿಸಿ" ಎಂಬ ಉಪದೇಶದ ಜೊತೆಗೆ "ಎಲ್ಲಿ?" ಎಂಬ ಪ್ರಶ್ನೆ ಸೇರದಿದ್ದರೆ ಅದು ಅರ್ಧ ಉಪದೇಶ. ಆದರೆ ಹಣವನ್ನು ಬೇಗ ಇಮ್ಮಡಿ ಮಾಡುವ ಆಮಿಷದ ಮಾತು ಬೇರೆ. ಬಹುಮಾನದ ಚೀಟಿ, ಸರಪಳಿ ಯೋಜನೆಗಳನ್ನು 1978ರಲ್ಲೇ ಕಾಯಿದೆಯಿಂದ ನಿಷೇಧಿಸಲಾಗಿದೆ. ಆದರೂ ಪ್ರತಿ ತಲೆಮಾರಿನಲ್ಲೂ ಅವು ಹೊಸ ಹೆಸರಿನಿಂದ ಮರಳಿ ಬರುತ್ತವೆ.

ನೌಕರನ ಉಳಿತಾಯ

ಸರ್ಕಾರಿ ನೌಕರರ ಉಳಿತಾಯಕ್ಕೆ ಬೇರೆಯೇ ಇತಿಹಾಸವಿದೆ. 1925ರ ಭವಿಷ್ಯನಿಧಿ ಕಾಯಿದೆಯ ನಂತರ ಭವಿಷ್ಯನಿಧಿಗೆ ಭದ್ರವಾದ ಕಾನೂನಿನ ಆಸರೆ ದೊರೆಯಿತು. ಸಾಲಗಾರರು ದಾವೆ ಹೂಡಿ ಜಪ್ತಿ ಮಾಡಲಾಗದ ಹಣ ಅದು. ಸಂಬಳದ ಬಿಲ್ಲಿನಲ್ಲೇ ಕಡಿತವಾಗಿ, ಕೈಗೆ ಬರುವ ಮುನ್ನವೇ ಉಳಿದುಬಿಡುವ ಈ ಏರ್ಪಾಡು ಒಂದು ಬಗೆಯಲ್ಲಿ ಗುಮಾಸ್ತರ ಪಿಗ್ಮಿಯೇ. ಏಜೆಂಟನ ಬದಲು ಲೆಕ್ಕಾಧಿಕಾರಿ, ಅಷ್ಟೇ ವ್ಯತ್ಯಾಸ. ನಮ್ಮ ಹಿರಿಯ ತಲೆಮಾರಿನ ಎಷ್ಟೋ ನೌಕರರ ಮಕ್ಕಳ ಮದುವೆ, ಊರಿನ ಮನೆಯ ಹೆಂಚು, ನಗರದ ಹೊರವಲಯದ ಒಂದು ಕೋಣೆ ಎಲ್ಲವೂ ಈ ನಿಧಿಯಿಂದ ಬಂದವು.

ಒಮ್ಮೆ ಸರ್ಕಾರವೇ ಬಲವಂತವಾಗಿ ಉಳಿಸಿದ್ದೂ ಉಂಟು. ಬೆಲೆಯೇರಿಕೆ ಮಿತಿಮೀರಿದ್ದ 1974ರಲ್ಲಿ, ಹೆಚ್ಚುವರಿ ತುಟ್ಟಿಭತ್ಯದ ಅರ್ಧ ಭಾಗವನ್ನು ನೌಕರರಿಗೆ ಕೊಡದೆ ಕಡ್ಡಾಯ ಠೇವಣಿಯಾಗಿ ಹಿಡಿದಿಡುವ ಕಾಯಿದೆ ಬಂದಿತು. ಬೆಲೆ ಏರಿದೆಯೆಂದು ಕೊಡುವ ಭತ್ಯ, ಬೆಲೆ ಏರಬಾರದೆಂದು ಕೈಗೆ ಸಿಗಲಿಲ್ಲ! ಹಣ ಮುಂದೆ ಕಂತುಗಳಲ್ಲಿ ಬಡ್ಡಿಸಹಿತ ಹಿಂದಿರುಗಿತೆನ್ನುವುದು ನಿಜ. ಆದರೆ ಹೊಟ್ಟೆಯಿಂದ ಕಸಿದದ್ದನ್ನು ಉಳಿತಾಯವೆಂದು ಕರೆಯಬಹುದೇ ಎಂಬ ಪ್ರಶ್ನೆ ಉಳಿಯಿತು. ಉಳಿತಾಯಕ್ಕೂ ಒಂದು ಕೆಳಮಿತಿಯಿದೆ; ಊಟ, ಔಷಧ, ಶಾಲೆಯ ಶುಲ್ಕಗಳ ಕೆಳಗೆ ಅದು ಇಳಿಯಬಾರದು.

1968ರಲ್ಲಿ ಸಾರ್ವಜನಿಕ ಭವಿಷ್ಯನಿಧಿ ಬಂದು, ಸರ್ಕಾರಿ ನೌಕರರಲ್ಲದವರಿಗೂ ಇಂತಹ ದೀರ್ಘಾವಧಿಯ ಉಳಿತಾಯ ಸಾಧ್ಯವಾಯಿತು. ಆರಂಭದಲ್ಲಿ ಬಡ್ಡಿ ಶೇಕಡಾ 4.8. 1986ರಿಂದ 2000ದ ಜನವರಿಯವರೆಗೆ ಶೇಕಡಾ 12. 2020ರ ಏಪ್ರಿಲ್‌ನಲ್ಲಿ ಅದು 7.1ಕ್ಕೆ ಇಳಿಯಿತು. ಹಣ ಎಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸಿದರೆ ಸಾಕು. ಶೇಕಡಾ 12ಕ್ಕೆ ಆರು ವರ್ಷ, 7.1ಕ್ಕೆ ಹತ್ತು ವರ್ಷ. ನಮ್ಮ ಹಿರಿಯರು ಆರು ವರ್ಷದಲ್ಲಿ ಕಂಡದ್ದನ್ನು ನಾವು ಹತ್ತು ವರ್ಷ ಕಾಯಬೇಕು. ಇದೇ ಸೂತ್ರ ಬೆಲೆಯೇರಿಕೆಗೂ ಅನ್ವಯಿಸುತ್ತದೆ. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಹನ್ನೆರಡು ವರ್ಷದಲ್ಲಿ ಅದೇ ಸಾಮಾನಿಗೆ ಎರಡರಷ್ಟು ಹಣ ಬೇಕು. ಬಡ್ಡಿಯೊಂದನ್ನೇ ನೋಡಿ ಹಿಗ್ಗುವವರು ಈ ಎರಡನೆಯ ಭಾಗಾಕಾರವನ್ನೂ ಮಾಡಬೇಕು.

2004ರ ಜನವರಿ 1ರ ನಂತರ ಕೇಂದ್ರ ಸೇವೆಗೆ ಸೇರಿದ ನಮ್ಮಂತಹವರಿಗೆ ಹಳೆಯ ಪಿಂಚಣಿಯೂ ಇಲ್ಲ, ಹಳೆಯ ಭವಿಷ್ಯನಿಧಿಯೂ ಇಲ್ಲ. ಸಂಬಳದಿಂದ ಶೇಕಡಾ 10, ಅದರ ಜೊತೆಗೆ ಸರ್ಕಾರದ ಪಾಲು ಸೇರಿ ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟ ರಾಷ್ಟ್ರೀಯ ಪಿಂಚಣಿ ಪದ್ಧತಿ ಬಂದಿತು. 2025ರ ಏಪ್ರಿಲ್‌ನಿಂದ ನಿಶ್ಚಿತ ಪಿಂಚಣಿಯ ಭರವಸೆಯಿರುವ ಏಕೀಕೃತ ಯೋಜನೆಯ ಆಯ್ಕೆಯೂ ದೊರೆತಿದೆ. ಯಾವುದನ್ನೇ ಆರಿಸಿಕೊಂಡರೂ ಒಂದು ಸಂಗತಿ ನಿಜ: ತಂದೆಯ ಕಾಲದಲ್ಲಿ ಇಲಾಖೆ ನೋಡಿಕೊಳ್ಳುತ್ತಿದ್ದ ಲೆಕ್ಕವನ್ನು ನಾವೇ ಕುಳಿತು ನೋಡಬೇಕಾಗಿದೆ.

ತಿರುಗಿದ ದೂರ

ಇಂದು ಪರಿಸ್ಥಿತಿ ತಲೆಕೆಳಗಾಗಿದೆ. 1928ರಲ್ಲಿ ಗಳಿಕೆಗೂ ಉಳಿತಾಯಕ್ಕೂ ನಡುವಿನ ದೂರವನ್ನು ಏಜೆಂಟನ ಕಾಲು ಇಲ್ಲವಾಗಿಸಿತು. 2016ರಲ್ಲಿ ಬಂದ ಯುಪಿಐ ಗಳಿಕೆಗೂ ಖರ್ಚಿಗೂ ನಡುವಿನ ದೂರವನ್ನು ಇಲ್ಲವಾಗಿಸಿತು. ಇದರಿಂದ ಆದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಊರಿಗೆ ಮನಿಯಾರ್ಡರು ಮುಟ್ಟಲು ವಾರಗಟ್ಟಲೆ ಕಾಯುತ್ತಿದ್ದವರ ಮಕ್ಕಳು ಈಗ ನಿಮಿಷದಲ್ಲಿ ತಾಯಿಗೆ ಹಣ ಕಳುಹಿಸುತ್ತಾರೆ. ಆದರೆ ಜೇಬಿನಿಂದ ನೋಟು ತೆಗೆದು ಎಣಿಸಿ ಕೊಡುವಾಗ ಮನಸ್ಸಿಗೆ ಆಗುತ್ತಿದ್ದ ಸಣ್ಣ ನೋವು ಈಗಿಲ್ಲ. ಆ ನೋವೇ ನಮ್ಮ ಕಾವಲುಗಾರನಾಗಿತ್ತು. ಮಾಸಿಕ ಕಂತಿನ ಸಾಲ, ಕ್ರೆಡಿಟ್ ಕಾರ್ಡುಗಳು ಮುಂದಿನ ತಿಂಗಳ ಸಂಬಳವನ್ನೂ ಇಂದೇ ಅಂಗಡಿಗೆ ತಲುಪಿಸುತ್ತವೆ. ಅಂದು ಬಾಗಿಲಿಗೆ ಬಂದು ನಿಂತವನು ಉಳಿತಾಯದ ಏಜೆಂಟ. ಇಂದು ಅಂಗೈಯಲ್ಲೇ ಕುಳಿತವನು ಖರ್ಚಿನ ಏಜೆಂಟ.

ಆದರೆ ಅದೇ ಯಂತ್ರವನ್ನು ನಮ್ಮ ಪರವಾಗಿಯೂ ದುಡಿಸಬಹುದು. ಸಂಬಳ ಬಂದ ದಿನವೇ ಆವರ್ತ ಠೇವಣಿಗೋ ಭವಿಷ್ಯನಿಧಿಗೋ ತಾನಾಗಿಯೇ ಹಣ ಹೋಗುವಂತೆ ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಅದು ಪಿಗ್ಮಿ ಏಜೆಂಟನ ಕೆಲಸವನ್ನೇ ಮಾಡುತ್ತದೆ. ಒಂದೇ ಬ್ಯಾಂಕಿನಲ್ಲಿ ವಿಮೆಯ ಮಿತಿಗಿಂತ ಹೆಚ್ಚು ಇಡದಿರುವುದು ಅರ್ಬುತ್‌ನಾಟ್ ಕಲಿಸಿದ ಪಾಠ. ನಾಮನಿರ್ದೇಶನ ಬರೆಸಿ, ಎಲ್ಲಿ ಏನಿದೆಯೆಂಬ ಪಟ್ಟಿಯನ್ನು ಮನೆಯವರ ಕೈಗೆ ಕೊಡುವುದು ಸಾಸಿವೆ ಡಬ್ಬಿ ಕಲಿಸಿದ ಪಾಠ. ತಂದೆ ತೀರಿಕೊಂಡ ಮೇಲೆ ಪಾಸ್‌ಬುಕ್ಕಿಗಾಗಿ ಪೆಟ್ಟಿಗೆಗಳನ್ನು ತಡಕಾಡುವ ಸಂಸಾರಗಳು ನಮ್ಮ ನಡುವೆ ಇನ್ನೂ ಇವೆ. ನಮ್ಮ ಸಂಘಗಳು ನಾಟಕ, ಸನ್ಮಾನಗಳ ನಡುವೆ ವರ್ಷಕ್ಕೊಮ್ಮೆಯಾದರೂ ಒಂದು ಸಂಜೆಯನ್ನು ಈ ವಿಷಯಕ್ಕೆ ಮೀಸಲಿಟ್ಟರೆ, ಹೊಸದಾಗಿ ಊರಿನಿಂದ ಬಂದು ಕೆಲಸಕ್ಕೆ ಸೇರಿದ ತರುಣ ತರುಣಿಯರಿಗೆ ದೊಡ್ಡ ಉಪಕಾರವಾದೀತು.

ಉಡುಪಿಯ ಆ ಮೊದಲ ದಿನದ ಲೆಕ್ಕದಲ್ಲಿ ಎರಡು ಪೈಗೂ ಜಾಗವಿತ್ತು. ನಮ್ಮ ತಿಂಗಳ ಲೆಕ್ಕದಲ್ಲೂ ಅಂತಹ ಒಂದು ಜಾಗವನ್ನು ನಾವು ಮೊದಲೇ ಬಿಟ್ಟುಕೊಳ್ಳೋಣ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಅದು ತಿಂಗಳ ಕೊನೆಯ ಸಾಲಿನಲ್ಲಿರದೆ ಮೊದಲ ಸಾಲಿನಲ್ಲಿರಲಿ.